ಅವರ ‘ಯೋ’, ನಮ್ಮ ‘ರೀ’

2020ರ ಶಿವರಾತ್ರಿಗೆಂದು ಧಾರವಾಡದಿಂದ ಬೆಂಗಳೂರಿಗೆ ಬಂದಿದ್ದ ನಮ್ಮವ್ವ ಲಾಕ್‌ಡೌನಿನಿಂದಾಗಿ ಊರಿಗೆ ಮರಳಲಾಗದೆ ನಾಲ್ಕು ತಿಂಗಳು ನನ್ನ ಮನೆಯಲ್ಲೇ ಉಳಿದಳು. ಅವಳು ತಪ್ಪದೆ ನೋಡುತ್ತಿದ್ದ ಕನ್ನಡ ಧಾರಾವಾಹಿಗಳ ಚಿತ್ರೀಕರಣ ನಿಂತು, ಟಿವಿಯಲ್ಲಿ ಹಳೆಯ ಕಂತುಗಳೇ ಮತ್ತೆ ಮತ್ತೆ ಬರತೊಡಗಿದ್ದವು. ಬೇಸತ್ತ ಅವ್ವ ಒಂದು ಸಂಜೆ ನಾನು ನೋಡುತ್ತಿದ್ದುದನ್ನೇ ನೋಡಲು ಬಂದು ಪಕ್ಕದಲ್ಲಿ ಕುಳಿತಳು. ಆಗ ನಾನು ನೋಡುತ್ತಿದ್ದುದು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಎಂಬ ಕೊರಿಯನ್ ಧಾರಾವಾಹಿ. ದಕ್ಷಿಣ ಕೊರಿಯಾದ ಸಿರಿವಂತ ಉದ್ಯಮಿ ಯೂನ್ ಸೆರಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಸುಂಟರಗಾಳಿಗೆ ಸಿಕ್ಕಿ ಗಡಿಯಾಚೆಯ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ, ಅಲ್ಲಿನ ಸೇನಾಧಿಕಾರಿ ರಿ ಜೊಂಗ್‌ಹ್ಯೊಕ್ ಅವಳನ್ನು ತನ್ನ ಮನೆಯಲ್ಲಿ ಬಚ್ಚಿಟ್ಟು ಕಾಪಾಡುತ್ತಾನೆ. ಅವ್ವನಿಗೆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಹತ್ತು ನಿಮಿಷ ಕಳೆಯುವುದರೊಳಗೆ ನನಗೆ ತೊಡಕು ಎದುರಾಯಿತು. ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಯೂ’. ಸೈನಿಕನಿಗೂ ಅದೇ, ಮಗುವಿಗೂ ಅದೇ, ಪ್ರಿಯಕರನಿಗೂ ಅದೇ. ಕನ್ನಡದಲ್ಲಿ ಹೇಳಬೇಕಾದ ನಾನು ಪ್ರತಿ ಸಾಲಿಗೂ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದನ್ನು ತೀರ್ಮಾನಿಸಲೇಬೇಕಿತ್ತು. ಸೆರಿ ಈ ಅಪರಿಚಿತ ಅಧಿಕಾರಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆಯೇ? ಅವನು ಅವಳನ್ನು? ಯಾವ ಕಂತಿನಲ್ಲಿ ಒಬ್ಬರು ಏಕವಚನಕ್ಕೆ ಇಳಿಯುತ್ತಾರೆ? ಅಷ್ಟು ಹೊತ್ತಿಗೆ ನಾನು ಕೊರಿಯಾ ಮತ್ತು ಜಪಾನಿನ ಪ್ರೇಮ-ಹಾಸ್ಯ ಧಾರಾವಾಹಿಗಳನ್ನು ನೋಡತೊಡಗಿ ಹದಿಮೂರು ವರ್ಷಗಳಾಗಿದ್ದವು; ಆದರೂ ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ, ಏಕೆಂದರೆ ನಾನು ನೋಡುತ್ತಿದ್ದುದು ಕಣ್ಣಿನಿಂದ, ಓದುತ್ತಿದ್ದುದು ಇಂಗ್ಲಿಷನ್ನು. ಅವ್ವನಿಗೆ ಓದುವ ಹಂಗಿರಲಿಲ್ಲವಾದ್ದರಿಂದ ಅವಳು ಕಿವಿಯಿಂದ ನೋಡುತ್ತಿದ್ದಳು. ಮೂರನೆಯ ಸಂಜೆ ಅವಳು ಇದ್ದಕ್ಕಿದ್ದಂತೆ ಹೇಳಿದಳು: “ನಮ್ಮ ‘ರೀ’ ಇದ್ದಂಗ ಐತಿ ನೋಡವಾ ಇವರ ‘ಯೋ’.”

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕೊರಿಯನ್ ಭಾಷೆಯಲ್ಲಿ ಸಾಮಾನ್ಯ ಸಂಭಾಷಣೆಯ ಮರ್ಯಾದೆಯ ವಾಕ್ಯಗಳು ಹೆಚ್ಚಾಗಿ ‘ಯೋ’ ಎಂಬ ಧ್ವನಿಯೊಂದಿಗೆ ಮುಗಿಯುತ್ತವೆ. ಅದನ್ನು ತೆಗೆದುಹಾಕಿದರೆ ಅದೇ ವಾಕ್ಯ ಏಕವಚನದ ಮಾತಾಗುತ್ತದೆ. ನಮ್ಮ ಕಡೆ ‘ಹೌದು’ ಎಂಬುದಕ್ಕೆ ‘ರಿ’ ಸೇರಿ ‘ಹೌದ್ರಿ’ ಆಗುವಂತೆ, ‘ಬಾ’ ಎಂಬುದು ‘ಬರ್ರಿ’ ಆಗುವಂತೆ, ಅಲ್ಲಿಯೂ ಮರ್ಯಾದೆ ಎನ್ನುವುದು ಮಾತಿನ ಬಾಲದಲ್ಲಿ ಕುಳಿತಿದೆ. ಕೊರಿಯನ್ನರು ಈ ಗೌರವದ ಮಾತಿಗೆ ‘ಜೊಂದೆನ್‌ಮಲ್’ ಎನ್ನುತ್ತಾರೆ, ಸಲಿಗೆಯ ಮಾತಿಗೆ ‘ಬಾನ್‌ಮಲ್’ ಎನ್ನುತ್ತಾರೆ. ‘ಬಾನ್’ ಎಂದರೆ ಅರ್ಧ, ‘ಮಲ್’ ಎಂದರೆ ಮಾತು, ಒಟ್ಟಿನಲ್ಲಿ ಅರೆಮಾತು. ಇಬ್ಬರು ಹತ್ತಿರವಾದಾಗ ಅವರಲ್ಲೊಬ್ಬರು ‘ಮಾತನ್ನು ಕೆಳಗಿಡೋಣವೇ’ ಎಂಬ ಅರ್ಥದಲ್ಲಿ ಅನುಮತಿ ಕೇಳುತ್ತಾರೆ. ನಮ್ಮಲ್ಲಿ ‘ಏಕವಚನದಲ್ಲಿ ಮಾತಾಡಿಸಿದ’ ಎಂಬುದು ಜಗಳದ ಕಾರಣವಾಗಿ ಪತ್ರಿಕೆಯಲ್ಲಿ ಅಚ್ಚಾಗುವಷ್ಟು ಗಂಭೀರವಾದ ಸಂಗತಿ, ಅಲ್ಲಿಯೂ ಅಷ್ಟೇ. ಅಂಥ ಸಮಾಜದಲ್ಲಿ ಹೆಣ್ಣೊಬ್ಬಳು ಗಂಡೊಬ್ಬನೆದುರು ಮೊದಲ ಬಾರಿಗೆ ‘ಯೋ’ ಬಿಟ್ಟು ಮಾತಾಡಿದಳೆಂದರೆ ಅದು ಚುಂಬನಕ್ಕಿಂತ ದೊಡ್ಡ ಘಟನೆ. ಆ ಘಟನೆ ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಸಂಭವಿಸುವುದೇ ಇಲ್ಲ.

ಈ ಧಾರಾವಾಹಿಗಳ ಕುರಿತು ನನ್ನ ಅಭಿಪ್ರಾಯವೆಲ್ಲ ಅಂದಿನಿಂದ ಈ ಒಂದು ಎಳೆಯ ಸುತ್ತ ಬೆಳೆದಿದೆ. ಕೊರಿಯಾದ್ದಾಗಲಿ ಜಪಾನಿನದಾಗಲಿ, ಒಳ್ಳೆಯ ಪ್ರೇಮ-ಹಾಸ್ಯದ ಜೀವ ಇರುವುದು ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಆ ಕರೆ ಯಾವಾಗ ಬದಲಾಗುತ್ತದೆ, ಯಾವಾಗ ಬದಲಾಗಲು ಒಪ್ಪುವುದಿಲ್ಲ ಎಂಬುದರಲ್ಲಿ. ಕಥೆಯ ಹಂದರ ಬಹುಪಾಲು ಒಂದೇ: ಸುಳ್ಳು ಮದುವೆಯ ಕರಾರು, ಒಂದೇ ಸೂರಿನಡಿ ಇರಬೇಕಾದ ಅನಿವಾರ್ಯತೆ, ಮೇಲಧಿಕಾರಿ ಮತ್ತು ನೌಕರಳು, ಬಾಲ್ಯದಲ್ಲಿ ಎಂದೋ ಒಮ್ಮೆ ಕಂಡಿದ್ದರೆಂಬ ಗುಟ್ಟು. ಹಂದರ ಒಂದೇ ಆಗಿದ್ದೂ ಒಂದು ಧಾರಾವಾಹಿ ಮನಸ್ಸಿನಲ್ಲಿ ಉಳಿದು ಇನ್ನೊಂದು ಅಳಿಸಿಹೋಗುವುದಕ್ಕೆ ನಾನು ಕಂಡುಕೊಂಡ ಕಾರಣ ಇದು.

ನಾನು ನೋಡಿದ ಮೊದಲನೆಯದರ ಹೆಸರಿನಲ್ಲೇ ಈ ಮಾತಿಗೆ ಸಾಕ್ಷಿ ಇತ್ತು. 2007ರಲ್ಲಿ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನನ್ನ ಕೋಣೆಯಲ್ಲಿದ್ದವಳು ಇಂಫಾಲದ ಹುಡುಗಿ. ಮಣಿಪುರದಲ್ಲಿ 2000ರಲ್ಲಿ ಬಂಡುಕೋರ ಸಂಘಟನೆಯೊಂದು ಹಿಂದಿ ಚಿತ್ರಗಳ ಮೇಲೆ ನಿಷೇಧ ಹೇರಿದ ಮೇಲೆ ಆ ತೆರವಿನಲ್ಲಿ ಕೊರಿಯಾದ ಅರಿರಾಂಗ್ ವಾಹಿನಿಯೂ ಕೊರಿಯನ್ ಧಾರಾವಾಹಿಗಳ ಸಿ.ಡಿ.ಗಳೂ ಮನೆಮನೆ ಹೊಕ್ಕಿದ್ದವು. ನಾವು ಕನ್ನಡಿಗರು ನೆಟ್‌ಫ್ಲಿಕ್ಸ್ ಮೂಲಕ ಕಂಡುಕೊಂಡದ್ದನ್ನು ಅವರು ಅದಕ್ಕೆ ಬಹಳ ಮೊದಲೇ ತಮ್ಮದಾಗಿಸಿಕೊಂಡಿದ್ದರು. ಅವಳು ರಜೆಯಿಂದ ಮರಳುವಾಗ ತಂದ ಸಿ.ಡಿ. ಕಟ್ಟಿನಲ್ಲಿ ಇದ್ದದ್ದು 2005ರ ‘ನನ್ನ ಹೆಸರು ಕಿಮ್ ಸಾಮ್‌ಸುನ್’. ಎಂ.ಬಿ.ಸಿ. ವಾಹಿನಿಯ 16 ಕಂತುಗಳ ಈ ಧಾರಾವಾಹಿಯ ಕೊನೆಯ ಕಂತನ್ನು ಕೊರಿಯಾದಲ್ಲಿ ಶೇಕಡಾ 50ರಷ್ಟು ಮನೆಗಳು ನೋಡಿದ್ದವು.

ಸಾಮ್‌ಸುನ್ ಮೂವತ್ತರ ಹೆಣ್ಣು, ಪ್ಯಾರಿಸ್ಸಿನಲ್ಲಿ ಕೇಕು-ಪೇಸ್ಟ್ರಿ ಮಾಡುವುದನ್ನು ಕಲಿತು ಬಂದವಳು, ಕ್ರಿಸ್‌ಮಸ್ ಹಿಂದಿನ ದಿನವೇ ಪ್ರಿಯಕರ ಕೈಕೊಟ್ಟದ್ದನ್ನು ಕಣ್ಣಾರೆ ಕಂಡವಳು. ಆ ಪಾತ್ರಕ್ಕಾಗಿ ನಟಿ ಕಿಮ್ ಸನ್-ಆ ತೂಕ ಹೆಚ್ಚಿಸಿಕೊಂಡಿದ್ದರು. ಆದರೆ ಸಾಮ್‌ಸುನ್‌ಳ ನಿಜವಾದ ಸಂಕಟ ತೂಕವಲ್ಲ, ಹೆಸರು. ‘ಸಾಮ್’ ಎಂದರೆ ಮೂರು. ಮೂರನೆಯ ಹೆಣ್ಣುಮಗಳಿಗೆ ಇಟ್ಟ ಹಳ್ಳಿಗಾಡಿನ, ಹಳೆಯ ಕಾಲದ ಹೆಸರದು. ಎಲ್ಲಿ ಹೇಳಿದರೂ ಎದುರಿನವರು ನಕ್ಕುಬಿಡುತ್ತಾರೆ. ನಮ್ಮಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ, ಇನ್ನು ಸಾಕು ಎಂದು ‘ಸಾಕವ್ವ’ ಎಂದು ಹೆಸರಿಟ್ಟದ್ದನ್ನು ಕಂಡ ನನಗೆ ಆ ನಗುವಿನ ಹಿಂದಿನ ನೋವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕಾನೂನಿನ ಪ್ರಕಾರ ಹೆಸರು ಬದಲಿಸಿಕೊಂಡು ‘ಹೀಜಿನ್’ ಆಗಬೇಕೆಂಬುದು ಅವಳ ಬಹುಕಾಲದ ಆಸೆ. ಸಾಲದ ಐದು ಕೋಟಿ ವೊನ್ ಹಣಕ್ಕಾಗಿ ಅವಳು ಹೋಟೆಲ್ ಮಾಲೀಕ ಹ್ಯೊನ್ ಜಿನ್‌ಹೊನ್‌ನ ಸುಳ್ಳು ಪ್ರೇಯಸಿಯಾಗಿ ನಟಿಸಲು ಒಪ್ಪುತ್ತಾಳೆ. ಆಮೇಲೆ ಅವನು ಮರೆಯಲಾರದ ಹಳೆಯ ಪ್ರೇಯಸಿ ವಿದೇಶದಿಂದ ಮರಳುತ್ತಾಳೆ. ಆ ಚೆಲುವೆಯ ಹೆಸರು ಹೀಜಿನ್. ತಾನು ಆಗಬೇಕೆಂದು ಕನಸಿದ ಹೆಸರು, ತಾನು ಆಗಲಾರದ ರೂಪವನ್ನೇ ಹೊತ್ತು ಬಾಗಿಲಲ್ಲಿ ನಿಂತಂತೆ. ಪ್ರೇಮ-ಹಾಸ್ಯ ಎಂಬ ಪ್ರಕಾರದಲ್ಲಿ ನಾನು ಕಂಡ ಅತ್ಯಂತ ಬುದ್ಧಿವಂತಿಕೆಯ ಹೆಣಿಗೆ ಇದು, ಇಂದಿಗೂ ನನ್ನ ಮಟ್ಟಿಗೆ ಇದನ್ನು ಮೀರಿಸಿದ್ದು ಬಂದಿಲ್ಲ.

ಸಾಮ್‌ಸುನ್ ಅವನಿಗೆ ತಿರುಗಿ ಏನು ಮಾಡುತ್ತಾಳೆ ಎಂಬುದು ಇನ್ನೂ ಚೆಂದ. ತನಗಿಂತ ಚಿಕ್ಕವನೂ ಸಿರಿವಂತನೂ ಆದ ಮಾಲೀಕನನ್ನು ಅವಳು ಮೊದಲು ‘ಸಾಜಂಗ್‌ನಿಮ್’ ಎನ್ನಬೇಕು. ‘ನಿಮ್’ ಎಂಬುದು ಯಜಮಾನರೇ ಎನ್ನುವಲ್ಲಿನ ‘ರೇ’ ಇದ್ದಂತೆ. ಹೋಗುತ್ತ ಹೋಗುತ್ತ ಅವಳು ಅವನಿಗೆ ‘ಸಾಮ್‌ಶಿಕ್’ ಎಂದು ಅಡ್ಡಹೆಸರಿಡುತ್ತಾಳೆ. ತನ್ನ ಹೆಸರಿಗೆ ಜೋಡಿಯಾಗುವ, ಅಷ್ಟೇ ಹಳ್ಳಿಗಾಡಿನ, ಅಷ್ಟೇ ನಗೆ ತರಿಸುವ ಗಂಡುಹೆಸರದು. ತಾನು ಹೀಜಿನ್ ಆಗಿ ಅವನ ಮಟ್ಟಕ್ಕೆ ಏರುವ ಬದಲು ಅವನನ್ನು ಸಾಮ್‌ಶಿಕ್ ಮಾಡಿ ತನ್ನ ಪಕ್ಕ ಕೂರಿಸಿಕೊಳ್ಳುತ್ತಾಳೆ. ಕಥೆ ಮುಗಿದಾಗಲೂ ಅವಳು ಸಾಮ್‌ಸುನ್ ಆಗಿಯೇ ಉಳಿಯುತ್ತಾಳೆ. ಜಿನ್‌ಹೊನ್ ಆಗಿ ನಟಿಸಿದ ಹ್ಯೊನ್ ಬಿನ್ ಅವರೇ 15 ವರ್ಷಗಳ ಅನಂತರ ರಿ ಜೊಂಗ್‌ಹ್ಯೊಕ್ ಆಗಿ ನಮ್ಮವ್ವನೆದುರು ಬಂದದ್ದು. ಅವ್ವನಿಗೆ ಹಳೆಯದನ್ನೂ ತೋರಿಸಿದಾಗ “ಈ ಹುಡುಗಗ ಆಗ ಸೊಕ್ಕು ಭಾಳ ಇತ್ತು” ಎಂದಳು. ಆ ಮಾತಿನಲ್ಲಿ ತಪ್ಪಿಲ್ಲ. 2005ರ ಜಿನ್‌ಹೊನ್ ಕೈ ಹಿಡಿದು ಎಳೆಯುತ್ತಾನೆ, ಕೂಗಾಡುತ್ತಾನೆ, ಹೆಣ್ಣು ಬೇಡವೆಂದದ್ದನ್ನು ಕೇಳಿಸಿಕೊಳ್ಳುವುದಿಲ್ಲ. 2024ರಲ್ಲಿ ಈ ಧಾರಾವಾಹಿಯನ್ನು ಹೊಸದಾಗಿ ಸಂಕಲಿಸಿ 8 ಕಂತುಗಳಿಗೆ ಇಳಿಸಿ ಮರಳಿ ಬಿಡುಗಡೆ ಮಾಡಿದರು. ಆ ಕತ್ತರಿ ಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಹೆಸರಿನ ಮಾತು ಬಂದಾಗ ‘ಹಾನಾ ಯೋರಿ ದಾಂಗೊ’ವನ್ನು ಬಿಡುವಂತಿಲ್ಲ. ಯೋಕೋ ಕಾಮಿಯೋ ಅವರ ಈ ಜಪಾನೀ ಮಂಗಾ, ಅಂದರೆ ಚಿತ್ರಕಥೆ, 2001ರಲ್ಲಿ ತೈವಾನಿನ ಧಾರಾವಾಹಿಯಾಯಿತು, 2005ರಲ್ಲಿ ಜಪಾನಿನದಾಯಿತು, 2009ರಲ್ಲಿ ‘ಬಾಯ್ಸ್ ಓವರ್ ಫ್ಲವರ್ಸ್’ ಎಂಬ ಹೆಸರಿನಲ್ಲಿ ಕೊರಿಯಾದ್ದಾಯಿತು. ಸಿರಿವಂತರ ಶಾಲೆಗೆ ಬಂದ ಬಡ ಹುಡುಗಿಯ ಹೆಸರು ಮೂಲದಲ್ಲಿ ತ್ಸುಕುಶಿ, ಅಂದರೆ ಜಪಾನಿನ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಒಂದು ಕಳೆ. ತೈವಾನಿನವರು ಅದೇ ಗಿಡದ ಹೆಸರನ್ನು ಉಳಿಸಿಕೊಂಡು ಶಾನ್‌ಚಾಯ್ ಎಂದರು. ಕೊರಿಯಾದವರು ಜಾನ್‌ದಿ ಎಂದರು, ಎಂದರೆ ಹುಲ್ಲು. ಕನ್ನಡದಲ್ಲಿ ಯಾರಾದರೂ ತೆಗೆದರೆ ಅವಳನ್ನು ಗರಿಕೆ ಎನ್ನಬೇಕು, ತುಳಿದಷ್ಟೂ ಚಿಗುರುವುದು ಅದೇ. ಹೆಸರಿನ ಸೊಗಸು ಇಷ್ಟಿದ್ದರೂ ಈ ಕಥೆಯ ಬಗ್ಗೆ ನನಗೆ ಪ್ರೀತಿ ಉಳಿದಿಲ್ಲ. ಇಪ್ಪತ್ತರ ಹೊಸ್ತಿಲಲ್ಲಿ ಕೊರಿಯಾದ 25 ಕಂತುಗಳನ್ನು ಎರಡು ಬಾರಿ ನೋಡಿದವಳು ನಾನು. ಮೂರನೆಯ ಬಾರಿ ನೋಡಲು ಕುಳಿತಾಗ, ಇಡೀ ಶಾಲೆಯನ್ನು ಒಬ್ಬ ಹುಡುಗಿಯ ಮೇಲೆ ಛೂ ಬಿಟ್ಟವನು ಅವಳಿಗೆ ತಕ್ಕವನೆಂದು ಯಾವ ಕಾರಣಕ್ಕೆ ಒಪ್ಪಿದ್ದೆನೆಂಬುದೇ ತಿಳಿಯಲಿಲ್ಲ.

ಸಂಬಂಧವಾಚಕಗಳ ವಿಷಯದಲ್ಲಿ ಕನ್ನಡದ ಕಿವಿಗೆ ಕೊರಿಯನ್ ಒಮ್ಮೆ ತೌರಿನಂತೆ, ಒಮ್ಮೆ ಪರದೇಶದಂತೆ ಕೇಳುತ್ತದೆ. ತಂದೆಗೆ ಅಲ್ಲಿಯೂ ‘ಅಪ್ಪಾ’, ತಾಯಿಗೆ ‘ಒಮ್ಮಾ’. ಅವ್ವ ಅದನ್ನು ಕೇಳಿದ ಮೊದಲ ಸಲ ನನ್ನ ಕೈ ಹಿಡಿದುಕೊಂಡು ಮತ್ತೊಮ್ಮೆ ಹಾಕಲು ಹೇಳಿದ್ದಳು. ಆದರೆ ‘ಒಪ್ಪಾ’ ಎಂಬ ಶಬ್ದವನ್ನು ವಿವರಿಸಬೇಕಾಗಿ ಬಂದಾಗ ನಾನು ಸೋತೆ. ಹೆಣ್ಣು ತನ್ನ ಅಣ್ಣನನ್ನು ಕರೆಯುವುದು ‘ಒಪ್ಪಾ’ ಎಂದು, ತನಗಿಂತ ಹಿರಿಯನಾದ ಪ್ರಿಯಕರನನ್ನು ಕರೆಯುವುದೂ ‘ಒಪ್ಪಾ’ ಎಂದೇ. 2021ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಒಮ್ಮೆಗೇ 26 ಕೊರಿಯನ್ ಮೂಲದ ಪದಗಳನ್ನು ಸೇರಿಸಿಕೊಂಡಾಗ ‘ಒಪ್ಪಾ’ವೂ ಅವುಗಳಲ್ಲಿ ಇತ್ತು, ಇಂಗ್ಲಿಷಿನವರು ಪದವನ್ನೇ ಎತ್ತಿಕೊಂಡು ಪಾರಾದರು. ನಾನು ಕನ್ನಡದಲ್ಲಿ ಹೇಳಬೇಕಿತ್ತು. ನಮ್ಮಲ್ಲಿ ಹಿಂದೆ ಬಿದ್ದ ಹುಡುಗನನ್ನು ದೂರವಿಡಲು ಹುಡುಗಿ ‘ಅಣ್ಣಾ’ ಎಂದುಬಿಟ್ಟರೆ ಸಾಕು, ಬಾಗಿಲು ಮುಚ್ಚಿದಂತೆ. ಅವರಲ್ಲಿ ಅದೇ ಶಬ್ದದಿಂದ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಪ್ರೀತಿಗೆ ಎಡೆಯಿರುವ ಸಂಬಂಧದ ಕರೆ ಯಾವುದೆಂದರೆ ಮಾವ ಅಥವಾ ಭಾವ. ಕೊನೆಗೆ ನಾನು ಅವ್ವನಿಗೆ ‘ಒಪ್ಪಾ’ ಬಂದಲ್ಲೆಲ್ಲ ಸಂದರ್ಭ ನೋಡಿ ಒಮ್ಮೆ ‘ಅಣ್ಣ’ ಎಂದೂ ಒಮ್ಮೆ ‘ಮಾವ’ ಎಂದೂ ಹೇಳತೊಡಗಿದೆ, ಅವ್ವ ಯಾವ ಗೊಂದಲವೂ ಇಲ್ಲದೆ ಹಿಂಬಾಲಿಸಿದಳು.

2007ರ ‘ಕಾಫಿ ಪ್ರಿನ್ಸ್’ನಲ್ಲಿ ಈ ಕರೆಯ ಆಟ ಅದರ ತುದಿಯನ್ನು ಮುಟ್ಟುತ್ತದೆ. ನಿರ್ದೇಶಕಿ ಲೀ ಯುನ್‌ಜೊಂಗ್. ಮನೆಯ ಹೊಟ್ಟೆಪಾಡಿಗಾಗಿ ದುಡಿಯುವ ಗೋ ಉನ್‌ಚಾನ್ ಹುಡುಗರು ಮಾತ್ರ ಕೆಲಸ ಮಾಡುವ ಕಾಫಿ ಅಂಗಡಿಯಲ್ಲಿ ಹುಡುಗನೆಂದೇ ಸೇರಿಕೊಂಡಿದ್ದಾಳೆ. ಮಾಲೀಕ ಚೊಯ್ ಹಾನ್‌ಗ್ಯೊಲ್‌ನಿಗೆ ಈ ‘ಹುಡುಗ’ನ ಮೇಲೆ ಮನಸ್ಸಾಗುತ್ತದೆ. ತನ್ನೊಳಗೆ ಎದ್ದದ್ದನ್ನು ತಡೆಯಲು ಅವನು ಹೂಡುವ ಉಪಾಯವೆಂದರೆ, ನಾವಿಬ್ಬರೂ ಅಣ್ಣತಮ್ಮಂದಿರಾಗೋಣ ಎಂದು ಮಾತು ಕೊಡುವುದು. ಇನ್ನು ಮುಂದೆ ಉನ್‌ಚಾನ್ ಅವನನ್ನು ‘ಹ್ಯೊಂಗ್’ ಎನ್ನಬೇಕು. ಗಂಡು ತನ್ನ ಅಣ್ಣನನ್ನು ಕರೆಯುವ ಶಬ್ದವದು. ಇದು ನಮ್ಮ ಕಾಲೇಜು ಹುಡುಗಿಯರ ‘ಅಣ್ಣಾ’ ಉಪಾಯವೇ. ಒಂದು ಶಬ್ದವನ್ನು ಗೋಡೆಯಂತೆ ಕಟ್ಟಿಕೊಂಡು ಅವನು ಅದರ ಹಿಂದೆ ಸುರಕ್ಷಿತನಾಗಿರಲು ನೋಡುತ್ತಾನೆ, ಗೋಡೆ ನಿಲ್ಲುವುದಿಲ್ಲ. ನೀನು ಗಂಡೋ ಹೆಣ್ಣೋ ಎಂಬುದು ನನಗಿನ್ನು ಬೇಕಿಲ್ಲ, ಹೋಗುವಷ್ಟು ದೂರ ಹೋಗಿಯೇ ನೋಡೋಣ ಎಂಬರ್ಥದಲ್ಲಿ ಅವನು ಆಡುವ ಮಾತು ಆ ಕಾಲದ ಟಿವಿಯಲ್ಲಿ ಬಂದದ್ದು ಸಣ್ಣ ಧೈರ್ಯವಲ್ಲ. ಅನಂತರದ ಕಂತುಗಳು ಸಡಿಲವಾಗಿವೆ ಎಂದು ದೂರುವವರಿದ್ದಾರೆ. ದೂರು ನಿಜ, ಆದರೂ ಆ ಒಂದು ಮಾತಿಗೆ ಬಂದು ಸೇರುವವರೆಗಿನ ಹತ್ತು ಕಂತುಗಳು ನನಗೆ ಸಾಕು.

ಇದಕ್ಕೆ ತೀರ ವಿರುದ್ಧವಾದದ್ದು 2021ರ ‘ಹೋಮ್‌ಟೌನ್ ಚಾ-ಚಾ-ಚಾ’. ಗೊಂಗ್‌ಜಿನ್ ಎಂಬ ಕಲ್ಪಿತ ಕಡಲೂರಿನಲ್ಲಿ ಕನಿಷ್ಠ ಕೂಲಿಯ ದರಕ್ಕೆ ಎಲ್ಲರ ಎಲ್ಲ ಕೆಲಸವನ್ನೂ ಮಾಡಿಕೊಡುವ ಹೊಂಗ್ ದುಶಿಕ್ ಯಾರಿಗೂ ‘ಯೋ’ ಹಚ್ಚುವುದಿಲ್ಲ. ಊರಿನ ಹಿರಿಯಜ್ಜಿಯನ್ನು ‘ಗಾಮ್‌ರಿ ಶಿ’ ಎಂದು ಹೆಸರು ಹಿಡಿದೇ ಕರೆಯುತ್ತಾನೆ, ಏಕವಚನದಲ್ಲೇ ಮಾತಾಡುತ್ತಾನೆ. ಸೋಲ್‌ನಿಂದ ಬಂದ ದಂತವೈದ್ಯೆ ಹೇಜಿನ್‌ಳಿಗೆ ಮೊದಲ ಭೇಟಿಯಲ್ಲೇ ಇದು ಕೆರಳಿಸುತ್ತದೆ. ಇಂಗ್ಲಿಷ್ ಸಾಲುಗಳನ್ನಷ್ಟೇ ಓದುವವರಿಗೆ ಅವಳು ಸುಮ್ಮನೆ ಸಿಡುಕಿನವಳಂತೆ ಕಾಣುತ್ತಾಳೆ. ಆದರೆ ಧಾರವಾಡದ ಸುತ್ತಲಿನ ಹಳ್ಳಿಯವರಿಗೆ ಈ ಮನುಷ್ಯನನ್ನು ಪರಿಚಯಿಸಬೇಕಾಗಿಲ್ಲ. ಜಿಲ್ಲಾಧಿಕಾರಿಯೇ ಬಂದರೂ ‘ಬಾ ಯಪ್ಪಾ, ಕುಂಡ್ರು’ ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ, ಅದರಲ್ಲಿ ಎಳ್ಳಷ್ಟೂ ಅಗೌರವವಿಲ್ಲ. ವಚನಕಾರರು ದೇವರನ್ನೇ ‘ನೀನು’ ಎಂದವರು. ಹೇಜಿನ್ ಆ ಊರಿನವಳಾಗುವುದು ಎಂದರೆ ಆ ‘ನೀನು’ ತನ್ನನ್ನು ಕೀಳಾಗಿಸುತ್ತಿಲ್ಲ, ಒಳಗೆ ಕರೆಯುತ್ತಿದೆ ಎಂದು ಅರಿತುಕೊಳ್ಳುವುದು. ಮಧ್ಯದ ಕಂತುಗಳಲ್ಲಿ ಊರಿನ ಜನರ ಜಗಳ, ಮುನಿಸು, ಅಜ್ಜಿಯ ಹಲ್ಲು, ಮನೆಯ ಅಂಗಳದ ಊಟ ಇವೆಲ್ಲ ಎಷ್ಟು ಸಾವಧಾನವಾಗಿ ಹರಡಿಕೊಳ್ಳುತ್ತವೆಂದರೆ ಕೊನೆಯಲ್ಲಿ ದುಶಿಕ್‌ನ ಹಿಂದಿನ ದುರಂತವನ್ನು ಅವಸರದಲ್ಲಿ ಹೊರತೆಗೆದು ಎರಡು ಕಂತುಗಳಲ್ಲಿ ನಮ್ಮನ್ನು ಅಳಿಸುವ ಅಗತ್ಯವೇ ಇರಲಿಲ್ಲ.

ಕೊರಿಯನ್ ಪ್ರೇಮ-ಹಾಸ್ಯಗಳ ಮೇಲೆ ನನಗಿರುವ ದೊಡ್ಡ ದೂರು ಇದೇ. ವಾರಕ್ಕೆ ಎರಡರಂತೆ, ಒಂದೊಂದೂ ಒಂದು ಗಂಟೆಗೂ ಮಿಕ್ಕಿದ 16 ಕಂತು. ಹನ್ನೆರಡರವರೆಗೆ ನಗುತ್ತ ಬಂದದ್ದು ಹದಿಮೂರನೆಯದಕ್ಕೆ ಅಪಘಾತ, ಕಾಯಿಲೆ, ಸಿರಿವಂತ ತಾಯಿಯ ಹಣದ ಲಕೋಟೆ ಅಥವಾ ಮರೆವಿಗೆ ಬಲಿಯಾಗುತ್ತದೆ. ಪ್ರೇಮಿಗಳು ಪರಸ್ಪರ ಒಳಿತಿಗಾಗಿ ಎಂದುಕೊಂಡು ಅಗಲುತ್ತಾರೆ, ಪರದೆಯ ಮೇಲೆ ‘ಒಂದು ವರ್ಷದ ನಂತರ’ ಎಂಬ ಸಾಲು ಮೂಡುತ್ತದೆ. ನಗಿಸಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಅಳಿಸುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. ನಗುವಿನಲ್ಲೇ ಹೇಳಬಹುದಾದ ಗಂಭೀರ ಮಾತುಗಳಿರುತ್ತವೆ, ಅವಕ್ಕೆ ಕಣ್ಣೀರಿನ ಜಾಮೀನು ಬೇಡ.

ಈ ವಿಷಯದಲ್ಲಿ ನನ್ನ ಒಲವು ಜಪಾನಿನ ಕಡೆಗೆ. ಅಲ್ಲಿ ವಾರಕ್ಕೊಂದೇ ಕಂತು, ಮುಕ್ಕಾಲು ಗಂಟೆಯದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಹೊಸ ಧಾರಾವಾಹಿಗಳು ಶುರುವಾಗಿ ಮೂರು ತಿಂಗಳಲ್ಲಿ, ಹತ್ತು ಹನ್ನೊಂದು ಕಂತುಗಳಲ್ಲಿ ಮುಗಿಯುತ್ತವೆ. ಜಾಗ ಕಡಿಮೆ ಇರುವುದರಿಂದ ಕಥೆ ಅಡ್ಡದಾರಿ ಹಿಡಿಯುವುದಿಲ್ಲ. ಪ್ರೇಮವೂ ಅಷ್ಟೇ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ನಡೆಯುತ್ತದೆ. 2007ರ ‘ಹೊತಾರು ನೊ ಹಿಕಾರಿ’ಯ ಅಮೆಮಿಯಾ ಹೊತಾರು ಕಚೇರಿಯಲ್ಲಿ ಚುರುಕಿನವಳು; ಮನೆಗೆ ಬಂದರೆ ಹಳೆಯ ಟ್ರ್ಯಾಕ್‌ಸೂಟ್ ತೊಟ್ಟು, ಕೂದಲನ್ನು ಹಣೆಯ ಮೇಲೆ ಜುಟ್ಟು ಕಟ್ಟಿ, ಜಗಲಿಯಲ್ಲಿ ಬಿಯರ್ ಹಿಡಿದು ಬೆಕ್ಕಿನೊಂದಿಗೆ ಮಾತಾಡುತ್ತ ಉರುಳಿರುವವಳು. ಪ್ರೀತಿಯ ಗೊಡವೆ ಬಿಟ್ಟ ಇಂಥವಳನ್ನು ಅಲ್ಲಿ ‘ಹಿಮೊನೊ ಒನ್ನಾ’ ಎನ್ನುತ್ತಾರೆ, ಒಣಮೀನಿನಂಥ ಹೆಣ್ಣು ಎಂದು. ಅದೇ ಮನೆಗೆ ಅವಳ ಕಚೇರಿಯ ಮೇಲಧಿಕಾರಿ ತಾಕಾನೊ ಬಂದು ಇರಬೇಕಾಗುತ್ತದೆ. ಅವಳು ಅವನನ್ನು ‘ಬುಚೋ’, ಅಂದರೆ ವಿಭಾಗದ ಮುಖ್ಯಸ್ಥರೇ ಎನ್ನುತ್ತಾಳೆ, ಕಚೇರಿಯಲ್ಲೂ ಜಗಲಿಯಲ್ಲೂ. ಮನಸ್ಸು ಬೆರೆತ ಮೇಲೂ ಆ ಕರೆ ಬದಲಾಗುವುದಿಲ್ಲ. ಹುದ್ದೆಯ ಹೆಸರೇ ಮೆಲ್ಲಗೆ ಮುದ್ದಿನ ಹೆಸರಾಗಿ ಹಣ್ಣಾಗುವುದನ್ನು ಆ ಧಾರಾವಾಹಿ ತೋರಿಸುತ್ತದೆ, ಅದೂ ಒಂದೇ ಒಂದು ವಿವರಣೆಯಿಲ್ಲದೆ. ‘ನೊದಾಮೆ ಕಾಂತಾಬಿಲೆ’ಯ ಪಿಯಾನೊ ಹುಡುಗಿಯೂ ಹೀಗೆಯೇ, ಅವಳಿಗೆ ಚಿಯಾಕಿ ಎಂದೆಂದೂ ‘ಸೆಂಪಾಯ್’, ಕಾಲೇಜಿನ ಹಿರಿಯ.

ಈಗ ನಾನು ಬಹಳ ಹೊತ್ತಿನಿಂದ ಹೇಳಬೇಕೆಂದುಕೊಂಡಿದ್ದ ‘ನಿಗೆಹಾಜಿ’ಗೆ ಬರುತ್ತೇನೆ. ಪೂರ್ತಿ ಹೆಸರಿನ ಅರ್ಥ, ಓಡಿಹೋಗುವುದು ನಾಚಿಕೆಯ ಸಂಗತಿಯಾದರೂ ಉಪಯೋಗಕ್ಕೆ ಬರುತ್ತದೆ ಎಂದು. ಅದು ಹಂಗೇರಿಯ ಗಾದೆ. ತ್ಸುನಾಮಿ ಉಮಿನೊ ಅವರ ಮಂಗಾವನ್ನು ಆಧರಿಸಿ ಅಕಿಕೊ ನೊಗಿ ಬರೆದ ಈ 11 ಕಂತುಗಳ ಧಾರಾವಾಹಿ 2016ರಲ್ಲಿ ಟಿ.ಬಿ.ಎಸ್. ವಾಹಿನಿಯಲ್ಲಿ ಮಂಗಳವಾರ ರಾತ್ರಿಗಳಂದು ಬಂತು. ಸ್ನಾತಕೋತ್ತರ ಪದವಿ ಇದ್ದೂ ತಾತ್ಕಾಲಿಕ ಕೆಲಸವನ್ನೂ ಕಳೆದುಕೊಂಡ ಮಿಕುರಿ, ಒಂಟಿಯಾಗಿ ಬದುಕುವ ಕಂಪ್ಯೂಟರ್ ಎಂಜಿನಿಯರ್ ಹಿರಾಮಾಸನ ಮನೆಗೆಲಸಕ್ಕೆ ಸೇರುತ್ತಾಳೆ. ಕೆಲಸ ಉಳಿಸಿಕೊಳ್ಳಲು ಇಬ್ಬರೂ ಕರಾರಿನ ಮದುವೆಗೆ ಒಪ್ಪುತ್ತಾರೆ: ಅವನು ಉದ್ಯೋಗದಾತ, ಅವಳು ಉದ್ಯೋಗಿ, ತಿಂಗಳ ಸಂಬಳ 1,94,000 ಯೆನ್. ಅಡುಗೆ, ಬಟ್ಟೆ, ಕಸ ಎಲ್ಲಕ್ಕೂ ಗಂಟೆಗಳ ಲೆಕ್ಕ. ಪ್ರೀತಿ ಮೊಳೆತಾಗಲೂ ಅದು ವೇಳಾಪಟ್ಟಿಯಾಗಿಯೇ ಬರುತ್ತದೆ. ಮಂಗಳವಾರ ಅಪ್ಪುಗೆಯ ದಿನವೆಂದು ಗೊತ್ತುಮಾಡಿಕೊಳ್ಳುತ್ತಾರೆ. ಪ್ರತಿ ಕಂತಿನ ಕೊನೆಯ ಹಾಡಿನ ಕುಣಿತ ಆ ವರ್ಷ ಜಪಾನಿನ ತುಂಬ ಹಬ್ಬಿತ್ತು, ಮುಖ್ಯ ಪಾತ್ರ ವಹಿಸಿದ ಯುಯಿ ಅರಗಾಕಿ ಮತ್ತು ಗೆನ್ ಹೊಶಿನೊ 2021ರಲ್ಲಿ ನಿಜವಾಗಿಯೇ ಮದುವೆಯಾದರು. ಅದೆಲ್ಲ ಇರಲಿ.

ಹತ್ತನೆಯ ಕಂತಿನಲ್ಲಿ ಹಿರಾಮಾಸ ನಿಜವಾದ ಮದುವೆಯ ಪ್ರಸ್ತಾಪ ಇಡುತ್ತಾನೆ. ಪ್ರೀತಿಯ ಮಾತಿನ ಜೊತೆಗೆ ಲೆಕ್ಕವನ್ನೂ ಒಪ್ಪಿಸುತ್ತಾನೆ: ಮದುವೆಯಾದರೆ ಸಂಬಳ ಕೊಡಬೇಕಾಗಿಲ್ಲ, ಅಷ್ಟು ಹಣ ಉಳಿತಾಯ. ಮಿಕುರಿ ಕೇಳುತ್ತಾಳೆ, ನಾನು ನಿಮ್ಮನ್ನು ಇಷ್ಟಪಡುತ್ತೇನೆ ಎಂಬ ಕಾರಣಕ್ಕೆ ನನ್ನ ದುಡಿಮೆಗೆ ಬೆಲೆ ಇಲ್ಲವಾಗುವುದು ನ್ಯಾಯವೇ ಎಂದು. ಇಷ್ಟವನ್ನೇ ಶೋಷಿಸಿದಂತೆ ಇದು ಎನ್ನುತ್ತಾಳೆ. ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ ನಾನು ಅಲ್ಲಿ ತಡವರಿಸಿದೆ. ಎದುರಿಗೆ ಕುಳಿತವಳು 41 ವರ್ಷ ಒಂದು ಮನೆಯ ಅಡುಗೆ, ಬಟ್ಟೆ, ಕಸ ಮಾಡಿದವಳು. ಆದರೆ ಅವ್ವ ಕೇಳಿದ್ದು ಸಂಬಳದ ಮಾತನ್ನಲ್ಲ. ಜಪಾನೀ ಭಾಷೆಯ ಮರ್ಯಾದೆಯ ಬಾಲ ‘ದೆಸ್’, ‘ಮಸ್’ ಎಂಬುದನ್ನು ಅಷ್ಟರಲ್ಲಿ ಅವಳ ಕಿವಿ ಹಿಡಿದಿತ್ತು. ಮಿಕುರಿ ಅವನನ್ನು ‘ಹಿರಾಮಾಸ-ಸಾನ್’ ಎನ್ನುತ್ತಾಳೆ, ಅವನೂ ಅವಳನ್ನು ‘ಮಿಕುರಿ-ಸಾನ್’ ಎನ್ನುತ್ತಾನೆ. ಜಗಳದಲ್ಲೂ ಅಪ್ಪುಗೆಯಲ್ಲೂ ಹೆಸರಿಗೆ ಹಚ್ಚಿದ ಮರ್ಯಾದೆಯ ಆ ‘ಸಾನ್’ ಕಳಚುವುದಿಲ್ಲ. ಮದುವೆಯ ಮಾತಿನ ತನಕ ಬಂದರೂ ಇವರು ಬಹುವಚನ ಬಿಡಲಿಲ್ಲವಲ್ಲ, ಸಲಿಗೆ ಬೆಳೆದಿಲ್ಲವೇನೋ ಎಂದು ನಾನೇ ಅಂದೆ. “ಬಿಡದಿದ್ರ ಏನಾತು, ಇಬ್ರೂ ಅನ್ನಾಕತ್ತಾರಲ್ಲ” ಎಂದಳು ಅವ್ವ.

ನಮ್ಮ ಮನೆಯಲ್ಲಿ ಅವ್ವ ಅಪ್ಪನನ್ನು ಕರೆಯುತ್ತಿದ್ದುದು ‘ರೀ’ ಎಂದು. ಹೆಸರು ಹಿಡಿದದ್ದು ಮದುವೆಯ ದಿನ ಒಗಟಿನಲ್ಲಿ ಒಮ್ಮೆ ಮಾತ್ರ. ಅಪ್ಪ ಅವ್ವನನ್ನು ಕರೆಯುತ್ತಿದ್ದುದು ‘ಏ’ ಎಂದು, ಅಥವಾ ‘ಇಲ್ಲಿ ಬಾ’ ಎಂದು. ಮಕ್ಕಳಾದ ನಾವು ಅಪ್ಪನಿಗೆ ‘ನೀವು’ ಎಂದೆವು, ಅವ್ವನಿಗೆ ‘ನೀನು’ ಎಂದೆವು. ಈ ಬರಹದಲ್ಲೂ ನಾನು ಹಾಗೆಯೇ ಬರೆಯುತ್ತಿದ್ದೇನೆ. ಅಪ್ಪ ಕೆಟ್ಟವರಾಗಿರಲಿಲ್ಲ. ಮರ್ಯಾದೆ ಒಂದೇ ದಿಕ್ಕಿಗೆ ಹರಿಯುವ ಮನೆಗಳಲ್ಲಿ ನಮ್ಮದೂ ಒಂದಾಗಿತ್ತು, ಹಳೆಯ ಕೊರಿಯನ್ ಧಾರಾವಾಹಿಗಳ ಮನೆಗಳೂ ಹಾಗೆಯೇ ಇವೆ: ಗಂಡ ಬಾನ್‌ಮಲ್ ಆಡುತ್ತಾನೆ, ಹೆಂಡತಿ ‘ಯೋ’ ಹಚ್ಚುತ್ತಾಳೆ. ಹಾಗಾಗಿ ಈ ಧಾರಾವಾಹಿಗಳನ್ನು ಪ್ರೀತಿಸುವ ನಮ್ಮಂಥವರು ದೂರ ಕರಗಿ ‘ನೀವು’ ‘ನೀನು’ ಆಗುವ ಕ್ಷಣಕ್ಕೆ ಕಾದಿರುತ್ತೇವೆ. ಅವ್ವನ ಕಿವಿ ಕಾದದ್ದು ಬೇರೆಯದಕ್ಕೆ. ಇಬ್ಬರೂ ‘ನೀವು’ ಎನ್ನುವ ಮನೆಗೆ. ನಾನು ನೋಡಿದ ಅಷ್ಟೂ ಧಾರಾವಾಹಿಗಳಲ್ಲಿ ಅಂಥ ಮನೆಗಳು ಬೆರಳೆಣಿಕೆಯಷ್ಟು. ಕೊರಿಯಾದಲ್ಲಿ 2017ರ ‘ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್’ನಲ್ಲಿ ಮನೆಯ ಒಡೆಯ ಸೆಹೀ ಮತ್ತು ಬಾಡಿಗೆಗೆ ಬಂದ ಜಿಹೋ ಹೀಗೆ ಮಾತಾಡುತ್ತಾರೆ. ಅವರದೂ ಕರಾರಿನ ಮದುವೆಯೇ. ಒಬ್ಬರಿಗೆ ಸಾಲದ ಕಂತು ತೀರಬೇಕು, ಇನ್ನೊಬ್ಬರಿಗೆ ತಲೆಯ ಮೇಲೆ ಸೂರು ಬೇಕು. ಕರಾರು ಎಂದರೆ ಇಬ್ಬರೂ ಸಮಾನರಾಗಿ ಸಹಿ ಹಾಕುವ ಕಾಗದ. ಪ್ರೇಮ-ಹಾಸ್ಯದ ಅತ್ಯಂತ ಸವೆದ ಹೂಟವೆಂದು ನಾನೇ ಎಷ್ಟೋ ಸಲ ಹಳಿದಿದ್ದ ಕರಾರಿನ ಮದುವೆ, ಇಷ್ಟು ವರ್ಷ ಯಾಕೆ ಸಾಯದೆ ಉಳಿದಿದೆ ಎಂಬುದು ನನಗೆ ಆ ಸಂಜೆ ಹೊಳೆಯಿತು.

ಕಳೆದ ವರ್ಷ ಅವ್ವ ಬಂದಾಗ ನಾವು ನೋಡಿದ್ದು 2024ರ ‘ಐ ಲವ್ ಯೂ’. ಹೆಸರಿನಲ್ಲಿರುವ ‘ಐ’ ಎಂದರೆ ಕಣ್ಣು. ಜಪಾನಿನ ಧಾರಾವಾಹಿಗೆ ಕೊರಿಯಾದ ಚೆ ಜೊಂಗ್‌ಹ್ಯೊಪ್ ನಾಯಕ. ಎದುರಿನವರ ಕಣ್ಣು ನೋಡಿದರೆ ನಾಯಕಿಗೆ ಅವರ ಮನಸ್ಸಿನ ಮಾತು ಕೇಳಿಸುತ್ತದೆ, ಅದರಿಂದಲೇ ಅವಳು ಪ್ರೀತಿಗೆ ಅಂಜಿದ್ದಾಳೆ. ಆದರೆ ಈ ಹುಡುಗ ಯೋಚಿಸುವುದು ಕೊರಿಯನ್ನಿನಲ್ಲಿ, ಕೇಳಿಸಿದರೂ ಅವಳಿಗೆ ತಿಳಿಯುವುದಿಲ್ಲ. ಜಪಾನಿನ ಪ್ರಸಾರದಲ್ಲಿ ಆ ಮಾತುಗಳಿಗೆ ಸಬ್‌ಟೈಟಲ್ ಹಾಕದೆ ಪ್ರೇಕ್ಷಕರನ್ನೂ ಅವಳ ಸ್ಥಿತಿಯಲ್ಲೇ ಇರಿಸಿದ್ದರು. ಎರಡು ಭಾಷೆಯೂ ಬಾರದ ಅವ್ವ ಎಂದಿನಂತೆ ಕಿವಿಗೊಟ್ಟು ಕುಳಿತಿದ್ದಳು. ಎರಡನೆಯ ಕಂತು ಮುಗಿಯುವ ಹೊತ್ತಿಗೆ ಅವಳು ನನ್ನ ಮೊಣಕೈ ತಟ್ಟಿ ಹೇಳಿದಳು: “ಮನಸ್ಸಿನ್ಯಾಗ ಮಾತಾಡೂ ಮುಂದ ಅಂವ ‘ಯೋ’ ಅನ್ನೂದಿಲ್ಲ ನೋಡು.”

ಕೊರಿಯನ್ನರು ಮನಸ್ಸಿನಲ್ಲೇ ಮಾತಾಡಿಕೊಳ್ಳುವಾಗ ಮರ್ಯಾದೆಯ ಬಾಲ ಹಚ್ಚುವುದಿಲ್ಲ, ಯಾರೂ ಹಚ್ಚುವುದಿಲ್ಲ. ನಾನು ಅವ್ವನನ್ನು ಕೇಳಿದೆ, ಅಪ್ಪನನ್ನು ನೀನು ಮನಸ್ಸಿನಲ್ಲಿ ಏನೆಂದು ಕರೆಯುತ್ತಿದ್ದೆ ಎಂದು. ಅವಳು ಪರದೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಮುಂದಿಂದ ಹಚ್ಚು” ಎಂದಳು.